ಕಾನೂನಿನ ಪಾಠ: ನಿನ್ನೆಯದು, ನಾಳೆಯದು

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಈ ಗಾದೆಯನ್ನು ಕಟ್ಟಿದವನು ಯಾರೋ, ಅವನ ದಾವೆ ಎಷ್ಟು ವರ್ಷ ನಡೆಯಿತೋ ನಾವರಿಯೆವು. ಆದರೆ ಒಂದು ಸಂಗತಿಯನ್ನು ಗಮನಿಸಿ. ಗಾದೆಯಲ್ಲಿ ವಾದಿಯಿದ್ದಾನೆ, ಪ್ರತಿವಾದಿಯಿದ್ದಾನೆ. ವಕೀಲನ ಸುದ್ದಿಯೇ ಇಲ್ಲ. ಅವನು ಗೆದ್ದನೋ ಸೋತನೋ ಗಾದೆ ಹೇಳುವುದಿಲ್ಲ. ಇಂದು ನಿಮ್ಮೊಡನೆ ನಾನು ಮಾತನಾಡಬೇಕೆಂದಿರುವುದು ಆ ವಕೀಲನನ್ನು ಕುರಿತು. ಅದರಲ್ಲಿಯೂ ಅವನು ಕರಿಯ ಕೋಟು ತೊಡುವುದಕ್ಕೆ ಮುಂಚೆ ಎಲ್ಲಿ, ಯಾರ ಬಳಿ, ಏನನ್ನು ಕಲಿತ ಎಂಬುದನ್ನು ಕುರಿತು.

ಹಳಗನ್ನಡದ ಪದ್ಯಗಳಿಗೆ ಅನ್ವಯ ಹೇಳಿಕೊಂಡಿರಬೇಕಾದ ಕನ್ನಡ ಪಂಡಿತನಿಗೆ ಲಾಯರುಗಳ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ನಾನಿರುವ ಹೊಸ ತಿಪ್ಪಸಂದ್ರದಲ್ಲಿ ಒಂದು ಸಂಜೆ ನಡೆದು ನೋಡಿದರೆ ಉತ್ತರ ಸಿಕ್ಕುತ್ತದೆ. ತರಕಾರಿ ಅಂಗಡಿಗೆ ಅಂಟಿಕೊಂಡಂತೆ ಸ್ಟಾಂಪ್ ಪೇಪರಿನ ಅಂಗಡಿ. ಅಲ್ಲಿ ಬಾಡಿಗೆ ಕರಾರು, ಭೋಗ್ಯದ ಕರಾರು, ಅಫಿಡವಿಟ್ಟು, ಎಲ್ಲವೂ ಅರ್ಧ ಗಂಟೆಯಲ್ಲಿ ಸಿದ್ಧ. ಕರಾರು ಇಂಗ್ಲಿಷಿನಲ್ಲಿರುತ್ತದೆ. ಮನೆಯ ಯಜಮಾನರಿಗೂ ಬಾಡಿಗೆದಾರರಿಗೂ ಅದರಲ್ಲಿ ಅರ್ಥವಾಗುವುದು ತಮ್ಮ ಹೆಸರು ಮತ್ತು ಮೊಬಲಗು, ಅಷ್ಟೇ. ಬಾಡಿಗೆ ಕರಾರು ಹನ್ನೊಂದೇ ತಿಂಗಳಿಗೆ ಏಕೆ ಎಂದು ಎಷ್ಟು ಮಂದಿ ಕೇಳಿದ್ದೀರಿ? ವರುಷದ ಲೆಕ್ಕದ ಅಥವಾ ವರುಷವನ್ನು ಮೀರಿದ ಗೇಣಿ ಬಾಡಿಗೆಗಳಿಗೆ ನೋಂದಣಿ ಕಡ್ಡಾಯವೆಂದು ನೋಂದಣಿಯ ಕಾನೂನು ಹೇಳುತ್ತದೆ. ಆ ಕಟ್ಟಳೆಯಿಂದ ನುಸುಳಿಕೊಳ್ಳುವ ಕಿಂಡಿಯೇ ಆ ಹನ್ನೊಂದು. ಇನ್ನು ಬರಿಯ ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ ನಿವೇಶನ ಕೊಂಡವರು ನಮ್ಮ ನಗರದಲ್ಲಿ ಒಬ್ಬಿಬ್ಬರೇ? ಅಂಥ ಪತ್ರದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಖಂಡಿತವಾಗಿ ಹೇಳಿತು. ದುಡ್ಡು ಕಟ್ಟುವುದಕ್ಕೆ ಮುಂಚೆ ಇದನ್ನು ತಿಳಿದ ಭಾಷೆಯಲ್ಲಿ ಹೇಳುವ ವಕೀಲನೊಬ್ಬ ಬೀದಿಯಲ್ಲಿದ್ದಿದ್ದರೆ ಎಷ್ಟು ಸಂಸಾರಗಳು ನೆಮ್ಮದಿಯಾಗಿರುತ್ತಿದ್ದುವು! ಕಾನೂನು ಎಂಬುದು ಕಡೆಗೂ ಶಬ್ದಗಳ ವ್ಯವಹಾರ. ಆದುದರಿಂದ ಶಬ್ದವನ್ನು ನಂಬಿ ಬದುಕುವ ನನ್ನಂಥವನಿಗೂ ಅದರಲ್ಲಿ ಒಂದು ಮಾತನಾಡುವ ಅಧಿಕಾರ ಉಂಟೆಂದು ಭಾವಿಸಿದ್ದೇನೆ.

ಕಾನೂನಿನ ಪಾಠ ನಮ್ಮ ನಾಡಿಗೆ ಇಂಗ್ಲಿಷರೊಡನೆ ಬಂದುದಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನದಲ್ಲಿ ಅಲ್ಲಿ ಕಲಿಸುತ್ತಿದ್ದ ವಿದ್ಯೆಗಳ ದೊಡ್ಡ ಪಟ್ಟಿಯೇ ಇದೆ. ವೇದ, ಹಲವು ಪರಂಪರೆಯ ವ್ಯಾಕರಣಗಳು, ದರ್ಶನಗಳು, ಪುರಾಣ, ಕಾವ್ಯ, ನಾಟಕ. ಅವುಗಳ ಸಾಲಿನಲ್ಲಿಯೇ ಧರ್ಮಶಾಸ್ತ್ರ. ಅದೇ ಮಠದಲ್ಲಿ ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ದೊರೆಯುತ್ತಿದ್ದಿತು. ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿದ್ದಿತು. ವ್ಯಾಕರಣ ಮತ್ತು ಧರ್ಮಶಾಸ್ತ್ರ ಒಂದೇ ಸೂರಿನ ಕೆಳಗೆ, ಅವುಗಳ ಪಕ್ಕದಲ್ಲಿಯೇ ಹಸಿದವನ ಎಲೆ. ಈಗಿನ ಕಾನೂನು ಕಾಲೇಜುಗಳು ಇನ್ನೂ ಮುಟ್ಟಬೇಕಾದ ಮಟ್ಟ ಅದು ಎಂದರೆ ಉತ್ಪ್ರೇಕ್ಷೆಯೆಂದು ತಿಳಿಯಬೇಡಿ. ಆ ಪಾಠ ಎಲ್ಲರಿಗೂ ತೆರೆದಿರಲಿಲ್ಲ ಎಂಬ ಮಾತನ್ನೂ ಹೇಳಿಬಿಡಬೇಕು. ಹೆಂಗಸರು, ಒಕ್ಕಲಿಗರು, ಕಸುಬುದಾರರು ಧರ್ಮಶಾಸ್ತ್ರಕ್ಕೆ ಒಳಪಟ್ಟವರಾಗಿದ್ದರೇ ಹೊರತು ಅದನ್ನು ಓದುವವರಾಗಿರಲಿಲ್ಲ.

ಬಳ್ಳಿಗಾವೆಯ ಆ ಶಾಸನಕ್ಕೂ ಹಿಂದೆ, ಇಂದಿನ ಬೀದರ ಜಿಲ್ಲೆಯ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನಿದ್ದ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಹುಟ್ಟುತ್ತಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಪಾಲು ಎಂದು ಅದರಲ್ಲಿ ಹೇಳಿದುದು ಬಂಗಾಳವೊಂದನ್ನು ಬಿಟ್ಟು ಹೆಚ್ಚು ಕಡಮೆ ಇಡೀ ಭಾರತಕ್ಕೆ ಕಾನೂನಾಯಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಕಲ್ಕತ್ತೆಯಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಕಲ್ಯಾಣದ ಪಂಡಿತನ ಮಾತು ನಡೆಯಿತು. ಮಿತಾಕ್ಷರಾ ಎಂದರೆ ಅಳೆದು ಬಳಸಿದ ಅಕ್ಷರಗಳುಳ್ಳದ್ದು ಎಂದರ್ಥ. ನಮ್ಮ ಸ್ಟಾಂಪ್ ಪೇಪರಿನ ಕರಾರುಗಳನ್ನು ಬರೆಯುವವರು ಈ ಒಂದು ಹೆಸರನ್ನು ಗೋಡೆಗೆ ಬರೆದು ಅಂಟಿಸಿಕೊಂಡರೂ ಸಾಕು!

ಆ ಪಾಲಿನ ಕಥೆಯನ್ನು ಇಷ್ಟಕ್ಕೇ ಬಿಡಬಾರದು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳನ್ನು ಕುರಿತು ಪ್ರತ್ಯೇಕ ಕಾನೂನನ್ನು ಮಾಡಿತು. ಕರ್ನಾಟಕವು 1994ರಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಬರುವ ಹಕ್ಕನ್ನು ಕೊಟ್ಟಿತು. ಅದಕ್ಕೆ ಮುಂಚೆಯೇ ಮದುವೆಯಾಗಿದ್ದವರಿಗೆ ಮಾತ್ರ ಅದು ಅನ್ವಯಿಸಲಿಲ್ಲ. ಇಡೀ ದೇಶಕ್ಕೆ ಆ ಹಕ್ಕು ಬಂದುದು 2005ರಲ್ಲಿ. ವಿಜ್ಞಾನೇಶ್ವರನ ನಾಡು ವಿಜ್ಞಾನೇಶ್ವರನನ್ನು ತಿದ್ದುವುದರಲ್ಲಿಯೂ ಹನ್ನೊಂದು ವರುಷ ಮುಂದಿದ್ದಿತು.

ಈಗ ಕಾಲೇಜಿನ ಮಾತು. ಈಸ್ಟ್ ಇಂಡಿಯಾ ಕಂಪೆನಿಯ ಕೋರ್ಟುಗಳಲ್ಲಿ ಮೊದಲಿಗೆ ಶಾಸ್ತ್ರ ಹೇಳುವ ಪಂಡಿತರೂ ಮೌಲ್ವಿಗಳೂ ಇದ್ದರು. 1864ರಲ್ಲಿ ಅವರನ್ನು ಮನೆಗೆ ಕಳುಹಿಸಲಾಯಿತು. ಅಷ್ಟರಲ್ಲಿ, 1855ರಿಂದಲೇ, ಕಲ್ಕತ್ತೆ ಮುಂಬಯಿ ಮದರಾಸುಗಳಲ್ಲಿ ಕಾನೂನಿನ ತರಗತಿಗಳು ತೆರೆದಿದ್ದುವು. 1857ರಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದುವು. ಮೈಸೂರು ಸಂಸ್ಥಾನದಲ್ಲಿ 1884ರಿಂದ ಚೀಫ್ ಕೋರ್ಟು ಇದ್ದಿತು, 1930ರಲ್ಲಿ ಅದು ಹೈಕೋರ್ಟೂ ಆಯಿತು. ಅಠಾರಾ ಕಚೇರಿಯ ಕೆಂಪು ಕಟ್ಟಡವಿದ್ದಿತು, 1916ರಿಂದ ಸ್ವಂತ ವಿಶ್ವವಿದ್ಯಾನಿಲಯವಿದ್ದಿತು. ಇಲ್ಲದಿದ್ದುದು ಕಾನೂನು ಕಾಲೇಜೊಂದೇ. ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಬಂದುದು 1948ರಲ್ಲಿ! ನಮ್ಮ ಈ ಕಡೆಯ ದಂಡು ಪ್ರದೇಶದ ಸ್ಥಿತಿಯಂತೂ ಇನ್ನೂ ವಿಚಿತ್ರ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನು 1947ರ ಜುಲೈಯವರೆಗೆ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿದ್ದುದರಿಂದ ಹಲಸೂರಿನವನ ವ್ಯಾಜ್ಯಕ್ಕೆ ಒಂದು ಕೋರ್ಟು, ಚಿಕ್ಕಪೇಟೆಯವನ ವ್ಯಾಜ್ಯಕ್ಕೆ ಮತ್ತೊಂದು. ಕಲಿಯುವ ಕಾಲೇಜು ಮಾತ್ರ ಇಬ್ಬರಿಗೂ ಇಲ್ಲ.

ಹಾಗಾದರೆ ನಮ್ಮವರು ಎಲ್ಲಿ ಓದಿದರು? ಊರು ಬಿಟ್ಟು ಓದಿದರು. ಕರ್ನಾಟಕ ಏಕೀಕರಣದ ಆಲೂರು ವೆಂಕಟರಾಯರು ಕಾನೂನು ಪದವಿ ಪಡೆದುದು ಮುಂಬಯಿಯಲ್ಲಿ. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೂ, ಏಕೀಕೃತ ನಾಡಿನ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪನವರೂ ಪುಣೆಯಲ್ಲಿ ಕಾನೂನು ಕಲಿತವರು. ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯವರು 1939ರಲ್ಲಿ ರಾಜಾ ಲಖಮಗೌಡ ಕಾಲೇಜನ್ನು ತೆರೆದಾಗ ಕನ್ನಡದ ಮಣ್ಣಿನಲ್ಲಿ ಒಂದು ಆಸರೆಯಾಯಿತು. ಮಂಡ್ಯದ ಕಡೆಯಿಂದ ಹೋದ ಇ. ಎಸ್. ವೆಂಕಟರಾಮಯ್ಯನವರು ಪುಣೆಯಲ್ಲಿಯೂ ಆ ಬೆಳಗಾವಿಯ ಕಾಲೇಜಿನಲ್ಲಿಯೂ ಓದಿ, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಹೀಗೆ ಹೋಗಬಲ್ಲವರು ಹೋದರು. ಹೋಗಲಾರದವರ ಲೆಕ್ಕವನ್ನು ಇಟ್ಟವರಿಲ್ಲ. ಪದವಿಯಿಲ್ಲದೆ ಪ್ಲೀಡರ್ ಪರೀಕ್ಷೆಗೆ ಕಟ್ಟಿ ವಕೀಲರಾಗುವ ಇನ್ನೊಂದು ದಾರಿಯೂ ಆಗ ಇದ್ದಿತೆಂಬುದನ್ನು ಮರೆಯಬಾರದು. ಆ ಕಾಲದ ವಕೀಲರು ನ್ಯಾಯಾಲಯದಲ್ಲಿ ಗೆದ್ದುದೆಷ್ಟೋ, ಕನ್ನಡಕ್ಕಂತೂ ಅವರಿಂದ ಲಾಭವಾಯಿತು. ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು, ಗದಗಿನ ಹುಯಿಲಗೋಳ ನಾರಾಯಣರಾಯರು, ಇವರೆಲ್ಲ ವಕೀಲಿಯ ನಡುವೆಯೇ ಬರೆದವರು.

1948ರ ಮೇಲೆ ಕಾಲೇಜುಗಳು ಒಂದೊಂದಾಗಿ ಬಂದುವು. ಉಡುಪಿಯಲ್ಲಿ 1957ರಲ್ಲಿ ವೈಕುಂಠ ಬಾಳಿಗಾ ಕಾಲೇಜು, ಬೆಂಗಳೂರಿನಲ್ಲಿ 1963ರಲ್ಲಿ ಬಿ.ಎಂ.ಎಸ್. ಕಾಲೇಜು, ಹೀಗೆ. ಅನೇಕ ಕಡೆ ತರಗತಿ ಬೆಳಿಗ್ಗೆ ಇಲ್ಲವೆ ಸಂಜೆ. ಪಾಠ ಹೇಳುವವರು ಕೋರ್ಟಿಗೆ ಹೋಗುವ ದಾರಿಯಲ್ಲಿ ಬಂದ ವಕೀಲರು. ಕೇಳುವವರು ಕಚೇರಿಯ ಗುಮಾಸ್ತರು, ಕಾರ್ಖಾನೆಯ ನೌಕರರು, ನನ್ನಂಥ ಮೇಷ್ಟರುಗಳು. ನೋಟ್ಸು ಹೇಳಿ ಬರೆಸುವುದು, ಗೈಡು ಉರುಹೊಡೆಯುವುದು, ಹಾಜರಿಗೆ ಕಣ್ಣುಮುಚ್ಚುವುದು, ಇವೆಲ್ಲ ನಡೆದುವು. ಬೇರೆ ಕೆಲಸ ಸಿಕ್ಕುವತನಕ ಲಾ ಓದುತ್ತಿದ್ದಾನೆ ಎಂಬ ಮಾತು ನಮ್ಮ ಮನೆಗಳಲ್ಲಿ ಹುಟ್ಟಿದುದೇ ಆಗ. ಈ ಪದ್ಧತಿಯನ್ನು ಜರೆಯುವುದು ಸುಲಭ. ನನಗೆ ಮಾತ್ರ ಅದರ ಮೇಲೆ ಪೂರ್ತಿ ಕೋಪವಿಲ್ಲ. ಹಗಲು ದುಡಿದು ರಾತ್ರಿ ಓದಿ ವಕೀಲರಾದವರು ತಾಲ್ಲೂಕು ಕೋರ್ಟುಗಳನ್ನು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಾರೆ. ರೈತನ ಜೊತೆ ರೈತನ ಮಾತನಾಡಬಲ್ಲವರು ಅವರೇ.

1961ರ ಅಡ್ವೊಕೇಟ್ಸ್ ಆಕ್ಟು ಪ್ಲೀಡರು, ಮುಖ್ತಾರು ಮೊದಲಾದ ಹಳೆಯ ದರ್ಜೆಗಳಿಗೆ ಬಾಗಿಲು ಹಾಕುತ್ತ ಬಂದು, ಕಾನೂನು ಶಿಕ್ಷಣದ ಮಟ್ಟವನ್ನು ಕಾಯುವ ಹೊಣೆಯನ್ನು ಭಾರತದ ಬಾರ್ ಕೌನ್ಸಿಲಿಗೆ ಒಪ್ಪಿಸಿತು. ಎರಡು ವರ್ಷದ ಓದು ಮೂರಾಯಿತು. ದೊಡ್ಡ ಬದಲಾವಣೆಗೆ ಮಾತ್ರ ಮತ್ತೆ ಎರಡು ದಶಕ ಕಾಯಬೇಕಾಯಿತು. ಅದು ನಡೆದುದು ನಮ್ಮ ಬೆಂಗಳೂರಿನಲ್ಲಿಯೇ. ಕರ್ನಾಟಕ ಶಾಸನಸಭೆ 1986ರಲ್ಲಿ ಮಾಡಿದ ಕಾನೂನಿನಂತೆ ರಾಷ್ಟ್ರೀಯ ಕಾನೂನು ಶಾಲೆ ಸ್ಥಾಪಿತವಾಗಿ, 1988ರ ಜುಲೈಯಲ್ಲಿ ಮೊದಲ ತಂಡಕ್ಕೆ ಪಾಠ ಪ್ರಾರಂಭವಾಯಿತು. ಮೊದಲ ನಿರ್ದೇಶಕರು ಎನ್. ಆರ್. ಮಾಧವ ಮೆನನ್ನರು, ಮೊದಲ ಬಿಡಾರ ಸೆಂಟ್ರಲ್ ಕಾಲೇಜಿನ ಆವರಣ, ಆಮೇಲೆ ನಾಗರಭಾವಿ. ಪಿ.ಯು.ಸಿ. ಆದೊಡನೆ ಸೇರಿ ಐದು ವರ್ಷ ಹಗಲಿಡೀ ಓದುವುದು, ನೋಟ್ಸು ಬರೆಸುವ ಬದಲು ತೀರ್ಪುಗಳನ್ನೇ ಓದಿಸಿ ಚರ್ಚಿಸುವುದು, ಅಣಕು ನ್ಯಾಯಾಲಯ, ಬಡವರಿಗೆ ಸಲಹೆ ಕೊಡುವ ಕೇಂದ್ರ, ಇವೆಲ್ಲ ಅಲ್ಲಿ ನೆಲೆಗೊಂಡುವು. ಆ ಮಾದರಿಯಲ್ಲಿ ದೇಶದಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಗಳು ಇಂದು ಇಪ್ಪತ್ತನ್ನು ದಾಟಿವೆ. ಬುದ್ಧಿವಂತ ಮಕ್ಕಳು ಎಂಜಿನಿಯರಿಂಗ್ ಬಿಟ್ಟು ಕಾನೂನಿಗೆ ಬರಬಹುದೆಂದು ತಂದೆತಾಯಿಗಳಿಗೆ ತೋರಿಸಿಕೊಟ್ಟುದು ಈ ಶಾಲೆ. ಅದರ ಕೀರ್ತಿ ಸಣ್ಣದಲ್ಲ.

ಆದರೂ ಒಂದು ಮಾತು ಹೇಳಬೇಕು. ಆ ಶಾಲೆಗಳಿಂದ ಹೊರಬಂದವರಲ್ಲಿ ಬಹುಮಂದಿ ಕಂಪೆನಿಗಳಿಗೆ ಸಲಹೆ ಕೊಡುವ ದೊಡ್ಡ ಸಂಸ್ಥೆಗಳಿಗೆ ಹೋದರು. ಮಾಗಡಿಯ ಕೋರ್ಟಿಗೆ, ಮಾಲೂರಿನ ಕೋರ್ಟಿಗೆ ಬಂದವರು ವಿರಳ. ಸಾಲ ಮಾಡಿ ಓದಿದ ಹುಡುಗ ಸಂಬಳವಿರುವೆಡೆ ಹೋದರೆ ಅವನನ್ನು ದೂರುವಂತಿಲ್ಲ. ನಾನು ಕೇಳುವುದು ಬೇರೆ ಪ್ರಶ್ನೆ: ಒಳಗೆ ಹೋಗುವ ಬಾಗಿಲು ಯಾರಿಗೆ ತೆರೆದಿದೆ?

ಆ ಬಾಗಿಲಿನ ಹೆಸರು ಕ್ಲಾಟ್. 2008ರಲ್ಲಿ ಮೊದಲಾದ ಪ್ರವೇಶ ಪರೀಕ್ಷೆ. ಅದು ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಓದಿ ಮುಗಿಸಿದ ಮೇಲೆ ವಕೀಲಿಯ ಸನ್ನದಿಗಾಗಿ ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ 2011ರಿಂದ ನಡೆಯುತ್ತಿದೆ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಹೋಗುವ ಬಾಗಿಲಿನಲ್ಲಿ ಕನ್ನಡ ಬೇಡ, ಬರುವ ಬಾಗಿಲಿನಲ್ಲಿ ಕನ್ನಡ ಆಗಬಹುದು! ಈ ತರ್ಕವನ್ನು ನನಗೆ ಯಾರಾದರೂ ವಿವರಿಸಿದರೆ ಉಪಕಾರವಾದೀತು. 2020ರಲ್ಲಿ ರಾಜ್ಯ ಸರ್ಕಾರ ಈ ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಡುವ ತಿದ್ದುಪಡಿ ತಂದಿತು. ಅದೇ ವರ್ಷ ಹೈಕೋರ್ಟು ಅದನ್ನು ರದ್ದುಮಾಡಿತು. ಬಳಿಕ ಶಾಲೆಯೇ ತನ್ನ ಯೋಜನೆಯಲ್ಲಿ, ಹತ್ತು ವರ್ಷ ಕರ್ನಾಟಕದಲ್ಲಿ ಓದಿದವರಿಗೆ ಅಷ್ಟೇ ಪ್ರಮಾಣದ ಸ್ಥಾನಗಳನ್ನು ಕಲ್ಪಿಸಿತು. ಒಳ್ಳೆಯದು. ಆದರೆ ಕರ್ನಾಟಕದಲ್ಲಿ ಹತ್ತು ವರ್ಷ ಓದುವುದು ಬೇರೆ, ಕನ್ನಡದಲ್ಲಿ ಹತ್ತು ವರ್ಷ ಓದುವುದು ಬೇರೆ. ನಮ್ಮ ಇಂದಿರಾನಗರದ ಶಾಲೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಕನ್ನಡ ಮಾಧ್ಯಮದ ಮಕ್ಕಳಿಗೆ ದಾರಿಯೇ ಇಲ್ಲವೆಂದಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯ ಸ್ಥಾಪಿತವಾಗಿ, ರಾಜ್ಯದ ಕಾನೂನು ಕಾಲೇಜುಗಳು ಅದರ ಆಶ್ರಯಕ್ಕೆ ಬಂದುವು. ಅಲ್ಲಿಗೆ ಕ್ಲಾಟ್ ಬೇಕಿಲ್ಲ. ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಆಟೋ ಓಡಿಸುವವರ ಮಗಳು, ಹೀಗೆ ಸೇರಿದಳು. ಮೊದಲ ವರ್ಷ ನನ್ನ ಮನೆಗೆ ಬಂದಾಗ ಅವಳ ಕೈಯಲ್ಲಿದ್ದುದು 1872ರ ಕರಾರು ಕಾಯಿದೆಯ ಎರಡು ಪುಸ್ತಕ, ಒಂದು ಇಂಗ್ಲಿಷಿನದು, ಒಂದು ಕನ್ನಡದ್ದು. “ಸಾರ್, ಇಂಗ್ಲಿಷ್ ಪುಸ್ತಕ ಅರ್ಥವಾಗಲಿ ಅಂತ ಕನ್ನಡದ್ದು ಕೊಂಡೆ. ಈಗ ಕನ್ನಡದ್ದು ಅರ್ಥವಾಗಲಿ ಅಂತ ಇಂಗ್ಲಿಷಿನದನ್ನು ನೋಡ್ತಿದೀನಿ” ಎಂದಳು. ನಾನು ಪುಸ್ತಕ ತೆರೆದು ನೋಡಿದೆ. ಅವಳ ದೂರಿನಲ್ಲಿ ಸುಳ್ಳಿರಲಿಲ್ಲ. ಒಂದು ವಾಕ್ಯ ಮುಕ್ಕಾಲು ಪುಟ ಓಡಿ, ಕ್ರಿಯಾಪದ ಸಿಕ್ಕುವ ಹೊತ್ತಿಗೆ ಕರ್ತೃಪದ ಮರೆತುಹೋಗಿರುತ್ತಿದ್ದಿತು. ಆ ಪುಟವನ್ನು ನಾವಿಬ್ಬರೂ ಕುಳಿತು ಸಣ್ಣ ಸಣ್ಣ ವಾಕ್ಯಗಳಾಗಿ ಒಡೆದೆವು. ಒಂದು ಭಾನುವಾರವೆಲ್ಲ ಹಿಡಿಯಿತು.

ಕನ್ನಡಕ್ಕೆ ಕಾನೂನನ್ನು ಹೇಳುವ ಶಕ್ತಿಯಿಲ್ಲವೆ? ಇದೆ. ವಕೀಲ, ದಾವೆ, ತಕರಾರು, ಜಾಮೀನು, ಜಪ್ತಿ, ಅಮೀನ, ಇವು ಅರಬ್ಬೀ ಪಾರಸಿಗಳಿಂದ ಬಂದು ನಮ್ಮ ಅಜ್ಜಿಯರ ಬಾಯಲ್ಲಿ ಸವೆದು ಕನ್ನಡವಾಗಿವೆ. ಸಾಕ್ಷಿ, ದಂಡ ಸಂಸ್ಕೃತದವು. ತೀರ್ಪು, ತಡೆ, ಒಡೆತನ ನಮ್ಮವೇ. ನಿರೀಕ್ಷಣಾ ಜಾಮೀನು ಎಂಬ ಪದವನ್ನು ಪತ್ರಿಕೆಗಳಲ್ಲಿ ದಿನವೂ ನೋಡುತ್ತೀರಿ. ಸಂಸ್ಕೃತಕ್ಕೆ ಪರದೇಶದ ಶಬ್ದವನ್ನು ಗಂಟುಹಾಕಿರುವ ಇದನ್ನು ಕಂಡರೆ ಹಳೆಯ ವೈಯಾಕರಣರು ಅರಿಸಮಾಸಕ್ಕಿಂತಲೂ ಕಡೆಯೆಂದು ಹುಬ್ಬು ಗಂಟಿಕ್ಕಿಯಾರು. ಆದರೂ ಅದು ಬದುಕಿದೆ, ಜನಕ್ಕೆ ತಿಳಿಯುತ್ತದೆ. ನಾನಂತೂ ಅದನ್ನು ತಿದ್ದಲೊಲ್ಲೆ. ಕೆಟ್ಟಿರುವುದು ಶಬ್ದವಲ್ಲ, ವಾಕ್ಯ. ಇಂಗ್ಲಿಷಿನ ವಾಕ್ಯವನ್ನು ಹಾಗೆಯೇ ಎತ್ತಿ ಕನ್ನಡದ ಅಕ್ಷರ ತೊಡಿಸಿದರೆ ಅದು ಎರಡೂ ಆಗುವುದಿಲ್ಲ. ಕಾನೂನು ಕಾಲೇಜುಗಳಲ್ಲಿ ಕನ್ನಡ ಗದ್ಯ ಬರೆಯುವುದನ್ನು ಒಂದು ವರ್ಷವಾದರೂ ಗಟ್ಟಿಯಾಗಿ ಕಲಿಸಬೇಕೆಂಬುದು ನನ್ನ ಮತ. ಕವಿತೆಯ ಪಾಠ ಬೇಡ; ದೂರು, ಜವಾಬು, ಕರಾರು, ನೋಟೀಸು ಬರೆಯುವುದು. ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ. 2019ರಿಂದ ಸುಪ್ರೀಂ ಕೋರ್ಟಿನ ತೀರ್ಪುಗಳು ಕನ್ನಡಕ್ಕೂ ಅನುವಾದವಾಗಿ ಬರತೊಡಗಿದುವು. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲಿಯೇ ತೀರ್ಪು ಕೊಟ್ಟಿತು. ಬಾಗಿಲು ತೆರೆದಾಗ ಒಳಗೆ ಹೋಗಲು ಸಿದ್ಧರಾದವರಿರಬೇಕಷ್ಟೆ.

ಕಾನೂನಿನ ಓದು ನಮಗೆ ಪರಕೀಯವೆಂದು ತಿಳಿಯುವುದಕ್ಕೂ ಆಧಾರವಿಲ್ಲ. ಸಂವಿಧಾನವನ್ನು ಓದುವ ವಿದ್ಯಾರ್ಥಿ ದೇಶದ ಯಾವ ಮೂಲೆಯಲ್ಲಿದ್ದರೂ 1973ರ ಕೇಶವಾನಂದ ಭಾರತಿ ಮೊಕದ್ದಮೆಯನ್ನು ಓದದೆ ಮುಂದೆ ಹೋಗುವಂತಿಲ್ಲ. ಆ ಕೇಶವಾನಂದರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಮಠದ ಭೂಮಿಗಾಗಿ ತೊಡಗಿದ ವ್ಯಾಜ್ಯ, 13 ಮಂದಿ ನ್ಯಾಯಮೂರ್ತಿಗಳ ಮುಂದೆ 68 ದಿನ ನಡೆದು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ನಿರ್ಣಯದಲ್ಲಿ ಮುಗಿಯಿತು. ಏಳು ಜನ ಹಾಗೆಂದರು, ಆರು ಜನ ಒಪ್ಪಲಿಲ್ಲ. ಒಂದೇ ಮತದ ಅಂತರ! ಕೈಗಾರಿಕೆ ಎಂದರೇನು ಎಂಬ ವಿಷಯದಲ್ಲಿ ಕಾರ್ಮಿಕ ಕಾನೂನಿನ ವಿದ್ಯಾರ್ಥಿಗಳೆಲ್ಲ ಓದುವ 1978ರ ತೀರ್ಪು, ನಮ್ಮ ನಿಮ್ಮ ಮನೆಯ ನಲ್ಲಿಗೆ ನೀರು ಬಿಡುವ ಬೆಂಗಳೂರು ಜಲಮಂಡಲಿಗೂ ಅದರ ನೌಕರರಿಗೂ ಆದ ತಕರಾರಿನದು. ರಾಜ್ಯ ಸರ್ಕಾರಗಳನ್ನು ವಜಾ ಮಾಡುವ ಅಧಿಕಾರಕ್ಕೆ ಮಿತಿ ಹಾಕಿದ 1994ರ ತೀರ್ಪಿಗೆ ಎಸ್. ಆರ್. ಬೊಮ್ಮಾಯಿಯವರ ಹೆಸರು. ಇವನ್ನು ನಮ್ಮ ಕಾಲೇಜುಗಳಲ್ಲಿ ಊರಿನ ಕಥೆಯಂತೆ ಹೇಳಿಕೊಟ್ಟರೆ ಮಕ್ಕಳಿಗೆ ಉರುಹೊಡೆಯುವ ಕಷ್ಟವೇ ಇರದು.

ಮುಂದಿನ ದಿನಗಳ ವಿಷಯ. 1860ರ ದಂಡ ಸಂಹಿತೆಯ ಕಲಮುಗಳನ್ನು ಬಾಯಿಪಾಠ ಮಾಡಿದವರ ಕಾಲ 2024ರ ಜುಲೈ 1ಕ್ಕೆ ಮುಗಿಯಿತು. ಭಾರತೀಯ ನ್ಯಾಯ ಸಂಹಿತೆಯೂ, ಕಾರ್ಯವಿಧಾನ ಮತ್ತು ಸಾಕ್ಷ್ಯವನ್ನು ಕುರಿತ ಇನ್ನೆರಡು ಹೊಸ ಕಾನೂನುಗಳೂ ಜಾರಿಗೆ ಬಂದು, 302, 420 ಎಂಬ ಸಂಖ್ಯೆಗಳು ಹಳೆಯ ಸಿನಿಮಾಗಳಿಗೆ ಸೇರಿಹೋದುವು. ಹಳೆಯ ಗೈಡುಗಳು ರದ್ದಿಗೆ ಬಂದುವು. ಸಂಖ್ಯೆಯನ್ನು ಕಲಿತವನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಕಾರಣವನ್ನು ಕಲಿತವನಿಗೆ ಅಷ್ಟು ತೊಂದರೆಯಾಗಲಿಲ್ಲ. ಯಂತ್ರಗಳು ಈಗ ತೀರ್ಪುಗಳನ್ನು ಹುಡುಕಿಕೊಡುತ್ತವೆ, ಕರಾರುಗಳ ಕರಡನ್ನೂ ಬರೆಯುತ್ತವೆ. ಬರಿಯ ನಕಲು ಮಾಡುವ ವಕೀಲಿಕೆಗೆ ಇನ್ನು ಹೆಚ್ಚು ಆಯುಸ್ಸಿಲ್ಲ. ಅಳುತ್ತ ಬಂದ ಹೆಂಗಸಿನ ಮಾತಿನೊಳಗಿಂದ ದಾವೆಗೆ ಬೇಕಾದ ನಾಲ್ಕು ಸಂಗತಿಗಳನ್ನು ಹೆಕ್ಕಿ ತೆಗೆಯುವ ಕೆಲಸ ಉಳಿದೇ ಇರುತ್ತದೆ. ಅದನ್ನು ಕಾಲೇಜು ಕಲಿಸುವುದು ಕಡಮೆ, ಹಿರಿಯ ವಕೀಲರ ಕಚೇರಿ ಕಲಿಸುವುದು ಹೆಚ್ಚು. ಸಿವಿಲ್ ನ್ಯಾಯಾಧೀಶರಾಗುವುದಕ್ಕೆ ಮುಂಚೆ ಮೂರು ವರ್ಷ ವಕೀಲಿ ಮಾಡಿರಲೇಬೇಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಿನಲ್ಲಿ ಮತ್ತೆ ವಿಧಿಸಿದುದು ಈ ದೃಷ್ಟಿಯಿಂದ ಸರಿಯೆ. ಆದರೆ ಆ ಮೂರು ವರ್ಷ ಊಟಕ್ಕೇನು? ಕಿರಿಯ ವಕೀಲನಿಗೆ ಹಿರಿಯರು ಕೊಡುವುದು ಬಸ್ಸಿನ ಖರ್ಚಿಗೆ ಸಾಕಾದರೆ ಪುಣ್ಯ. ಹಿಂದುಳಿದ ಮತ್ತು ಪರಿಶಿಷ್ಟ ವರ್ಗಗಳ ಹೊಸ ವಕೀಲರಿಗೆ ಸರ್ಕಾರ ಕೊಡುವ ತರಬೇತಿ ಭತ್ಯೆಯಿದೆ. ಅದನ್ನು ಕೇಳಿ ಪಡೆಯಬೇಕು. ಹೆಣ್ಣುಮಕ್ಕಳು ವಕೀಲರಾಗಬಹುದೆಂದು ಕಾನೂನು ಒಪ್ಪಿದುದು 1923ರಲ್ಲಿ. ಸಂಜೆ ಏಳರ ಮೇಲೆ ಕಚೇರಿಯಲ್ಲಿರಬೇಕೆಂದರೆ ಇಂದಿಗೂ ಮನೆಗಳು ಒಪ್ಪುವುದಿಲ್ಲ.

ನಿಮ್ಮ ಮನೆಯಲ್ಲಿ ಪಿ.ಯು.ಸಿ. ಮುಗಿಸಿದ ಮಗುವಿದ್ದು ಕಾನೂನು ಓದುತ್ತೇನೆಂದರೆ, ಮೊದಲು ಕಾಲೇಜಿಗೆ ಬಾರ್ ಕೌನ್ಸಿಲಿನ ಮಾನ್ಯತೆ ಇದೆಯೇ ವಿಚಾರಿಸಿ. ಪುಸ್ತಕಾಲಯ ಎಷ್ಟು ಹೊತ್ತು ತೆರೆದಿರುತ್ತದೆ, ಉಚಿತ ಕಾನೂನು ಸಲಹೆಯ ಕೇಂದ್ರ ನಿಜವಾಗಿಯೂ ನಡೆಯುತ್ತಿದೆಯೋ ಬೋರ್ಡು ಮಾತ್ರ ಇದೆಯೋ ಕಣ್ಣಾರೆ ನೋಡಿ ಬನ್ನಿ. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ ವರಮಾನದ ಪ್ರಶ್ನೆಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಹೇಳುತ್ತದೆ. ಆ ಕೆಲಸದಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಕಾಲೇಜು ಒಳ್ಳೆಯ ಕಾಲೇಜು. ಇಷ್ಟಾದ ಮೇಲೆ ರಜೆಯಿಲ್ಲದ ಒಂದು ದಿನ ಮಗುವನ್ನು ಇಂದಿರಾನಗರದಲ್ಲಿ ಮೆಟ್ರೋ ಹತ್ತಿಸಿ, ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಇಳಿಸಿ, ಮೇಯೋ ಹಾಲಿನ ಕೋರ್ಟಿಗೆ ಕರೆದುಕೊಂಡು ಹೋಗಿ. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಲು ಯಾರ ಅಡ್ಡಿಯೂ ಇರುವುದಿಲ್ಲ; ಮೊಬೈಲನ್ನು ಮಾತ್ರ ಬಾಯಿ ಮುಚ್ಚಿಸಿ ಇಟ್ಟುಕೊಳ್ಳಿ. ಬೆಳಿಗ್ಗೆ ಹನ್ನೊಂದರಿಂದ ಊಟದ ಹೊತ್ತಿನವರೆಗೆ ಕುಳಿತು, ಹೊರಗೆ ಬಂದು ಕಾಫಿ ಕುಡಿಯುವಾಗ ಮಗುವಿನ ಅಭಿಪ್ರಾಯವನ್ನು ಕೇಳಿ.